ಕೈಗೆಟುಕುವ ಖರ್ಚಿನಲ್ಲಿ ಮನೆಯಲ್ಲೊಂದು ಹವಳದ ಟ್ಯಾಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದು ಜೀವಂತ ಹವಳ, ಮೀನು ಸಾಕಿದ ಉಪ್ಪುನೀರಿನ ಟ್ಯಾಂಕ್ ನೋಡಿದವರು, ಫೋನ್ ಮಾಡಿದವರು, ಫೋಟೋ ಕಳಿಸಿ "ಇದೇನಾಯ್ತು ನೋಡಿ" ಅಂದವರು ಕೇಳಿದ ಪ್ರಶ್ನೆಗಳು ಇವು. ಹೆಚ್ಚಿನವರು ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರು, ತಿಂಗಳ ಸಂಬಳದಲ್ಲಿ ಉಳಿಸಿ ಟ್ಯಾಂಕ್ ಇಡಬೇಕೆನ್ನುವವರು. ಉತ್ತರಗಳೂ ಆ ಲೆಕ್ಕದಲ್ಲೇ ಇವೆ. ಇಲ್ಲಿ ದುಡ್ಡು ಉಳಿಯುವುದು ಮುಖ್ಯವಾಗಿ ಯಾವ ಜೀವಿಗಳನ್ನು ಸಾಕುತ್ತೀರಿ ಅನ್ನುವುದರ ಮೇಲೆ. ಕಡಿಮೆ ಬೆಳಕು, ಕಡಿಮೆ ಆರೈಕೆ ಸಾಕು ಅನ್ನುವ ಹವಳಗಳನ್ನು ಆರಿಸಿಕೊಂಡರೆ ಅರ್ಧ ಸಾಮಾನು ಬೇಕಾಗುವುದೇ ಇಲ್ಲ.

## ಶುರು ಮಾಡುವ ಮುಂಚೆ

ಒಟ್ಟು ಎಷ್ಟಾಗುತ್ತೆ ಸಾರ್? ಸುತ್ತಿ ಬಳಸದೆ ಹೇಳಿಬಿಡಿ.

ನೂರು ಲೀಟರ್ ಆಸುಪಾಸಿನ ಟ್ಯಾಂಕಿಗೆ, ಮೆದು ಹವಳ (ಕಲ್ಲಿನಂಥ ಗೂಡು ಕಟ್ಟದವು) ಮತ್ತು ಒಂದೆರಡು ಮೀನು ಇಡುವುದಾದರೆ, 30,000ದಿಂದ 50,000 ರೂಪಾಯಿ ಅಂತ ಇಟ್ಟುಕೊಳ್ಳಿ. ಊರು, ಅಂಗಡಿ, ಹಳೆಯ ಸಾಮಾನು ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಇದು ಏರಿಳಿಯುತ್ತದೆ. ಆದರೆ ಇದಷ್ಟನ್ನೂ ಒಂದೇ ಸಲ ಸುರಿಯಬೇಕಾಗಿಲ್ಲ. ಮೊದಲ ತಿಂಗಳು ಗಾಜು, ಕಲ್ಲು, ಉಪ್ಪು, ನೀರಿನ ಫಿಲ್ಟರ್ ಇದ್ದರೆ ಸಾಕು. ಲೈಟು ಎರಡನೇ ತಿಂಗಳು ತಂದರೂ ನಡೆಯುತ್ತದೆ. ಹವಳ ಅದಕ್ಕೂ ಆಮೇಲೆ.

ಜನ ಮರೆಯುವುದು ತಿಂಗಳ ಖರ್ಚನ್ನು. ವಾರಕ್ಕೆ 10 ಲೀಟರ್ ನೀರು ಬದಲಾಯಿಸಿದರೆ ತಿಂಗಳಿಗೆ ಸುಮಾರು ಒಂದೂವರೆ ಕಿಲೋ ಸಮುದ್ರದ ಉಪ್ಪು ಬೇಕು. ಜೊತೆಗೆ ಕರೆಂಟು, ಮೀನಿನ ಆಹಾರ, ಆಗಾಗ ನೀರು ಪರೀಕ್ಷಿಸುವ ಟೆಸ್ಟ್ ಕಿಟ್. ಇದು ಮೂರು ವರ್ಷ ನಡೆಯುವ ಖರ್ಚು ಅಂತ ಎಣಿಸಿಯೇ ಕೈ ಹಾಕಿ.

ಚಿಕ್ಕ ಟ್ಯಾಂಕ್ ತಗೊಂಡ್ರೆ ಖರ್ಚು ಇನ್ನೂ ಕಮ್ಮಿ ಅಲ್ವಾ?

ಗಾಜಿನ ಖರ್ಚು ಕಮ್ಮಿ, ತಲೆನೋವು ಜಾಸ್ತಿ. 20 ಲೀಟರ್ ಟ್ಯಾಂಕಿನಲ್ಲಿ ಒಂದು ದಿನ ನೀರು ಆರಿದರೇ ಉಪ್ಪಿನಂಶ ಮೇಲೆ ಹೋಗುತ್ತದೆ. ಒಂದು ಮೀನು ಸತ್ತು ಕಲ್ಲಿನ ಹಿಂದೆ ಸೇರಿಕೊಂಡರೆ ಬೆಳಗಾಗುವುದರೊಳಗೆ ನೀರೆಲ್ಲ ಕೆಡುತ್ತದೆ. ಹೊಸಬರಿಗೆ ನಾನು ಹೇಳುವ ಅಳತೆ 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 127 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ನೂರರ ಆಸುಪಾಸು ನೀರು ಹಿಡಿಯುತ್ತದೆ.

ಈ ಟ್ಯಾಂಕ್ ತುಂಬಿದ ಮೇಲೆ ನೂರೈವತ್ತು ಕಿಲೋ ತೂಗುತ್ತದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡಬೇಡಿ. ಕಬ್ಬಿಣದ ಸ್ಟ್ಯಾಂಡ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಎರಡು ಕೋಟ್ ಎಪಾಕ್ಸಿ ಪೇಂಟ್ ಹೊಡೆಸಿ. ಉಪ್ಪುನೀರು ಬರೀ ಕಬ್ಬಿಣವನ್ನು ಬೇಗ ತಿಂದುಹಾಕುತ್ತದೆ.

ಹಳೇ ಗೋಲ್ಡ್‌ಫಿಶ್ ಟ್ಯಾಂಕ್ ಖಾಲಿ ಬಿದ್ದಿದೆ. ಅದನ್ನೇ ಬಳಸಬಹುದಾ?

ಗಾಜು, ಸಿಲಿಕೋನ್ ಗಟ್ಟಿ ಇದ್ದರೆ ಬಳಸಿ. ಒಂದೇ ಷರತ್ತು: ಅದರಲ್ಲಿ ಯಾವತ್ತಾದರೂ ತಾಮ್ರ ಇರುವ ಔಷಧಿ ಹಾಕಿದ್ದರೆ ಬೇಡ. ಸೀಗಡಿ, ಬಸವನಹುಳು, ಹವಳ ಇವಕ್ಕೆಲ್ಲ ತಾಮ್ರ ವಿಷ. ಮೀನು ತಡೆಯುವಷ್ಟು ತಾಮ್ರವನ್ನು ಇವು ತಡೆಯುವುದಿಲ್ಲ.

ಹವಳ ಇಟ್ಕೊಂಡ್ರೆ ಜೈಲು ಅಂತಾರೆ, ನಿಜಾನಾ?

ಯಾವ ಹವಳ, ಎಲ್ಲಿಂದ ಬಂದದ್ದು ಅನ್ನುವುದರ ಮೇಲೆ ಹೋಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಫೈರ್ ಕೋರಲ್, ಸೀ ಫ್ಯಾನ್ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. 2001ರಲ್ಲಿ ಇವನ್ನು ಪಟ್ಟಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಇದು. ಕನಿಷ್ಠ ಮೂರು ವರ್ಷ ಜೈಲು ಆಗಬಹುದು. ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿಗೆ ಡೈವಿಂಗ್ ಹೋಗಿ "ಒಂದು ಚೂರು ಕಲ್ಲು ತಂದೆ" ಅನ್ನುವವರಿದ್ದಾರೆ. ತರಬೇಡಿ. ರಾಮೇಶ್ವರದ ಕಡೆಯಿಂದ ಬಂದ "ಲೈವ್ ರಾಕ್" (ಸಣ್ಣ ಜೀವಿಗಳು ನೆಲೆಸಿರುವ, ಸಮುದ್ರದಿಂದ ತೆಗೆದ ಹವಳದ ಕಲ್ಲು) ಅಂತ ಗುಟ್ಟಾಗಿ ಮಾರುವವರಿಂದ ಕೊಳ್ಳಲೂಬೇಡಿ. ಕಡಲಕುದುರೆ, ಸಮುದ್ರ ಸೌತೆ ಕೂಡ ರಕ್ಷಣೆಯ ಪಟ್ಟಿಯಲ್ಲಿವೆ.

ಹೊರದೇಶದ ಗಟ್ಟಿ ಹವಳಗಳು ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಬರುತ್ತವೆ. ಆ ಪಟ್ಟಿಯ ಜೀವಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಮಶ್ರೂಮ್, ಜೊವಾಂತಿಡ್, ಲೆದರ್, ಜೀನಿಯಾ ಇಂಥ ಮೆದು ಹವಳಗಳು ಸೈಟಿಸ್ ಪಟ್ಟಿಯಲ್ಲಿಲ್ಲ. ಆದರೂ ಆಮದು ಬಿಲ್ ಇಲ್ಲದೆ, ಅಥವಾ ಯಾರ ಟ್ಯಾಂಕಿನಲ್ಲಿ ಬೆಳೆದದ್ದು ಅಂತ ಗೊತ್ತಿಲ್ಲದೆ ಕೊಳ್ಳಬೇಡಿ. ಅದೃಷ್ಟಕ್ಕೆ ಕಡಿಮೆ ಖರ್ಚಿನ ದಾರಿಯೂ ಕಾನೂನಿನ ದಾರಿಯೂ ಇಲ್ಲಿ ಒಂದೇ: ಇನ್ನೊಬ್ಬರ ಟ್ಯಾಂಕಿನಲ್ಲಿ ಬೆಳೆದ ಮೆದು ಹವಳದ ತುಂಡು. ಗಟ್ಟಿ ಹವಳವೇ ಬೇಕು ಅನ್ನಿಸಿದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ, ಆಮೇಲೆ ಅಂಗಡಿಗೆ ಹೋಗಿ.

## ನೀರು ಮತ್ತು ಉಪ್ಪು

ಉಪ್ಪು ಅಂದ್ರೆ ಉಪ್ಪು ತಾನೇ? ಕಲ್ಲುಪ್ಪು ಹಾಕಿದರೆ ಏನಾಗುತ್ತೆ?

ಕಲ್ಲುಪ್ಪು ಬಹುಪಾಲು ಸೋಡಿಯಂ ಕ್ಲೋರೈಡ್. ಪುಡಿ ಉಪ್ಪಿಗೆ ಅಯೋಡಿನ್ ಮತ್ತು ಗಂಟುಕಟ್ಟದಂತೆ ಬೇರೆ ಪುಡಿ ಕೂಡ ಬೆರೆಸಿರುತ್ತಾರೆ. ಸಮುದ್ರದ ನೀರಿನಲ್ಲಿ ಲೀಟರ್‌ಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ರ ಮೇಲೆ ಕ್ಯಾಲ್ಸಿಯಂ, 400ರ ಹತ್ತಿರ ಪೊಟ್ಯಾಸಿಯಂ ಇರುತ್ತದೆ. ಅಕ್ವೇರಿಯಂ ಉಪ್ಪಿನಲ್ಲಿ ಇದೆಲ್ಲ ಅಳತೆಗೆ ತಕ್ಕಂತೆ ಬೆರೆತಿರುತ್ತದೆ. ಲೀಟರ್‌ಗೆ 36ರಿಂದ 38 ಗ್ರಾಂ ಹಾಕಿದರೆ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು), ಅಂದರೆ 1.026 ಸಾಂದ್ರತೆ ಬರುತ್ತದೆ. ಅಳೆಯಲು ರಿಫ್ರಾಕ್ಟೋಮೀಟರ್ ತಗೊಳ್ಳಿ, 35 ಪಿಪಿಟಿ ದ್ರಾವಣದಲ್ಲಿ ಅದನ್ನು ಹೊಂದಿಸಿಕೊಳ್ಳಿ. ಮುಳ್ಳು ತೇಲುವ ಪ್ಲಾಸ್ಟಿಕ್ ಡಬ್ಬಿಯನ್ನು ನಾನು ನಂಬುವುದಿಲ್ಲ.

ನಾವಿರೋದೇ ಮಂಗಳೂರಲ್ಲಿ. ಸಮುದ್ರದಿಂದಲೇ ನೀರು ತಂದರೆ ಉಪ್ಪಿನ ಖರ್ಚೇ ಇಲ್ಲವಲ್ಲ?

ನೇತ್ರಾವತಿ, ಗುರುಪುರ ನದಿಗಳು ಸೇರುವ ಕಡೆ, ಬಂದರಿನ ಹತ್ತಿರ ಬೇಡವೇ ಬೇಡ. ಮಳೆಗಾಲದಲ್ಲಿ ದಡದ ನೀರು ತೆಳುವಾಗುತ್ತದೆ, ಕೆಂಪು ಮಣ್ಣು, ಗದ್ದೆ ತೋಟದ ಗೊಬ್ಬರ ಎಲ್ಲ ಬಂದು ಸೇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಯೋಚನೆ ಬಿಡಿ. ಬೇಸಿಗೆಯಲ್ಲಿ ದೋಣಿಯವರ ಪರಿಚಯವಿದ್ದು, ದಡದಿಂದ ದೂರದ ತಿಳಿನೀರು ಸಿಕ್ಕರೆ ಬಳಸಬಹುದು. ಬಟ್ಟೆಯಲ್ಲಿ ಸೋಸಿ, ಕೆಲವು ದಿನ ಕತ್ತಲಲ್ಲಿ ಮುಚ್ಚಿಟ್ಟು, ಉಪ್ಪಿನಂಶ ಅಳೆದು ಹಾಕಿ. ಡೀಸೆಲ್ ವಾಸನೆ ಬಂದರೆ ಚೆಲ್ಲಿ.

ಅಡುಗೆಮನೆ ಆರ್‌ಒ ನೀರು ಸಾಕಾಗಲ್ವಾ?

ಕುಡಿಯಲು ಚೆನ್ನಾಗಿರುವ ನೀರು ಹವಳಕ್ಕೆ ಚೆನ್ನಾಗಿರಬೇಕೆಂದಿಲ್ಲ. ಮನೆಯ ಆರ್‌ಒಗಳಲ್ಲಿ ರುಚಿಗಾಗಿ ಖನಿಜ ವಾಪಸ್ ಬೆರೆಸುವ ಭಾಗ ಇರುತ್ತದೆ, ಕೆಲವದರಲ್ಲಿ ಫಿಲ್ಟರ್ ಆಗದ ನೀರನ್ನೇ ಒಂದಿಷ್ಟು ಸೇರಿಸುತ್ತಾರೆ. ಇನ್ನೂ ದೊಡ್ಡ ಅಪಾಯ ಈಗ ಎಲ್ಲರ ಮನೆಗೂ ಬರುತ್ತಿರುವ "ಕಾಪರ್" ಆರ್‌ಒ. ತಾಮ್ರದ ಪಾತ್ರೆಯ ನೀರು ಆರೋಗ್ಯಕ್ಕೆ ಒಳ್ಳೆಯದು ಅಂತ ಕಂಪನಿಯವರು ಬೇಕಂತಲೇ ತಾಮ್ರ ಬೆರೆಸುತ್ತಾರೆ. ಆ ನೀರಿನಲ್ಲಿ ಬಸವನಹುಳುಗಳು ಒಂದೊಂದಾಗಿ ಕಲ್ಲಿನಿಂದ ಕಳಚಿ ಬೀಳುತ್ತವೆ. ಹೊಸಬರು ರೋಗ ಅಂದುಕೊಂಡು ಔಷಧಿ ಹುಡುಕುತ್ತಾರೆ.

ಮೆಂಬ್ರೇನ್‌ನಿಂದ ನೇರ ಹೊರಬರುವ ನೀರನ್ನು, ಈ ಸೇರಿಸುವ ಭಾಗಗಳಿಗೆ ಮುಂಚೆಯೇ, ಟೆಕ್ನಿಷಿಯನ್ ಹತ್ತಿರ ಬೇರೆ ಪೈಪಿನಲ್ಲಿ ತೆಗೆಸಿ. ಅದಕ್ಕೊಂದು ಡಿಐ ರೆಸಿನ್ ಕಾರ್ಟ್ರಿಜ್ ಜೋಡಿಸಿ, ಉಳಿದ ಲವಣವನ್ನು ಅದು ಹೀರಿಕೊಳ್ಳುತ್ತದೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಹೊಸ ಆರ್‌ಒಡಿಐ (ಎರಡೂ ಸೇರಿದ ಯಂತ್ರ) ಕೊಳ್ಳುವುದಕ್ಕಿಂತ ಇದು ತುಂಬಾ ಅಗ್ಗ. ಬೋರ್‌ವೆಲ್ ನೀರಿನ ಮನೆಗಳಲ್ಲಿ ರೆಸಿನ್ ಬೇಗ ಸವೆಯುತ್ತದೆ, ಕಾವೇರಿ ನೀರಿನವರಿಗೆ ಜಾಸ್ತಿ ದಿನ ಬರುತ್ತದೆ. ಆರ್‌ಒ ಹೊರಹಾಕುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. 2024ರ ಬೇಸಿಗೆಯ ಬೆಂಗಳೂರನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ದಿನಾ ನೀರು ಇಳಿಯುತ್ತೆ. ಉಪ್ಪುನೀರು ಮಾಡಿ ಹಾಕ್ತಾ ಇದೀನಿ, ಸರಿನಾ?

ಸರಿಯಲ್ಲ. ಆರುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಇಳಿದಷ್ಟಕ್ಕೂ ಉಪ್ಪಿಲ್ಲದ ಶುದ್ಧ ನೀರು ಹಾಕಿ. ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡರೆ ಬೆಳಿಗ್ಗೆ ಕಾಫಿ ಹೊತ್ತಿನ ಕೆಲಸ.

## ಸಾಮಾನು ಸರಂಜಾಮು

ಅಂಗಡಿಯವರು ಉದ್ದ ಪಟ್ಟಿ ಕೊಟ್ಟಿದಾರೆ. ಯಾವುದನ್ನ ಬಿಡಬಹುದು?

ನೂರು ಲೀಟರ್ ಮೆದು ಹವಳದ ಟ್ಯಾಂಕಿಗೆ ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಬೇಡ, ವಾರಕ್ಕೆ ಶೇಕಡಾ 10 ನೀರು ಬದಲಾಯಿಸಿದರೆ ಅದರ ಕೆಲಸ ಆಗುತ್ತದೆ. ಯುವಿ ಬೇಡ, ಡೋಸಿಂಗ್ ಪಂಪ್ ಬೇಡ, ಕಂಟ್ರೋಲರ್ ಬೇಡ. ಬಾಟಲಿಗಳಲ್ಲಿ ಬರುವ "ಹವಳದ ಟಾನಿಕ್" ಯಾವುದೂ ಬೇಡ. ಟ್ಯಾಂಕಿನ ಕೆಳಗೆ ಫಿಲ್ಟರ್ ಇಡುವ ಇನ್ನೊಂದು ಸಣ್ಣ ಟ್ಯಾಂಕ್, ಅಂದರೆ ಸಂಪ್, ಇದ್ದರೆ ಅನುಕೂಲ, ಇಲ್ಲದಿದ್ದರೆ ಹಿಂದೆ ತೂಗುಹಾಕುವ ಫಿಲ್ಟರ್ ಸಾಕು.

ನೀರನ್ನು ತಿರುಗಿಸುವ ಪಂಪ್, ಅಂದರೆ ವೇವ್‌ಮೇಕರ್, ಬಿಡಬೇಡಿ. ಗಂಟೆಗೆ ಟ್ಯಾಂಕಿನ ನೀರಿನ ಹತ್ತಿಪ್ಪತ್ತು ಪಟ್ಟು ತಿರುಗಬೇಕು. ಲೈಟಿನಲ್ಲೂ ಜಿಪುಣತನ ಬೇಡ. ಹವಳದ ಮೈಯೊಳಗೆ ಒಂದೇ ಕೋಶದ ಪಾಚಿ ವಾಸ ಮಾಡುತ್ತದೆ, ಅದು ಬೆಳಕಿನಲ್ಲಿ ಮಾಡಿದ ಆಹಾರದಲ್ಲೇ ಹವಳ ಬದುಕುತ್ತದೆ. ನೀಲಿ ಬೆಳಕು, ಅಂದರೆ 420ರಿಂದ 460 ನ್ಯಾನೋಮೀಟರ್ ಸುತ್ತಲಿನದು, ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಗಿಡದ ಟ್ಯಾಂಕಿನ ಬಿಳಿ ಲೈಟಿನಲ್ಲಿ ಇದು ಕಮ್ಮಿ. ಬೆಸುಗೆ ಹಾಕಲು ಬರುವವರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಾಯಲ್ ಬ್ಲೂ ಎಲ್‌ಇಡಿ, ಡ್ರೈವರ್, ಹೀಟ್‌ಸಿಂಕ್, ಟೈಮರ್ ತಂದು ಸ್ವಂತ ಲೈಟ್ ಮಾಡಿಕೊಳ್ಳಬಹುದು. ಎಲ್‌ಇಡಿಗೆ ಕರೆಂಟ್ ಕೊಡುವ ಆ ಡ್ರೈವರನ್ನು ನೀರು ಸಿಡಿಯದ ಕಡೆ ಇಡಿ. ಟ್ಯಾಂಕಿನ ಪ್ಲಗ್ ಪಾಯಿಂಟಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ. ಉಪ್ಪುನೀರು ಕರೆಂಟನ್ನು ಬಹಳ ಚೆನ್ನಾಗಿ ಹರಿಸುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ.

ಲೈವ್ ರಾಕ್ ಬೇಡ ಅಂದ್ರಿ. ಹಾಗಾದ್ರೆ ಕಲ್ಲು ಎಲ್ಲಿಂದ?

ಅಂಗಡಿಯಲ್ಲಿ ಸೆರಾಮಿಕ್ ಕಲ್ಲು ಸಿಗುತ್ತದೆ. ಇಲ್ಲವೇ ಮನೆಯಲ್ಲೇ ಮಾಡಿ. ಒಂದು ಪಾಲು ಸಿಮೆಂಟ್, ಎರಡು ಪಾಲು ಅರಗೊನೈಟ್ (ಸುಣ್ಣದಂಶದ) ಮರಳು, ಎರಡು ಪಾಲು ಕಲ್ಲುಪ್ಪು. ನೀರು ಕಮ್ಮಿ ಹಾಕಿ, ಉಂಡೆ ಕಟ್ಟುವಷ್ಟು ಮಾತ್ರ ಕಲಸಿ. ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಅದರಲ್ಲಿ ಹಾಕಿ, ಬೆರಳಿನಿಂದ ತೂತು ಮಾಡಿ. ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿದರೆ ಕಲ್ಲುಪ್ಪು ಕರಗಿ ಒಳಗೆಲ್ಲ ಸಣ್ಣ ಸಣ್ಣ ಪೊಳ್ಳು ಉಳಿಯುತ್ತದೆ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಅಲ್ಲೇ ಮನೆ ಮಾಡುತ್ತವೆ.

ಸಿಮೆಂಟು ನೀರಿನ ಪಿಎಚ್ ಅನ್ನು ಮೇಲಕ್ಕೆ ಎತ್ತುತ್ತದೆ, ಹಾಗಾಗಿ ತಾಳ್ಮೆ ಬೇಕು. ಡ್ರಮ್‌ನಲ್ಲಿ ಮುಳುಗಿಸಿ ಆಗಾಗ ನೀರು ಬದಲಾಯಿಸುತ್ತಾ ಆರೇಳು ವಾರ ಬಿಡಿ. ಹೊಸ ನೀರಿನಲ್ಲಿ ಎರಡು ದಿನ ಇಟ್ಟಮೇಲೂ ಪಿಎಚ್ 8.4 ದಾಟದಿದ್ದರೆ ಕಲ್ಲು ಸಿದ್ಧ. ನೂರು ಲೀಟರ್‌ಗೆ ಹತ್ತು ಹನ್ನೆರಡು ಕಿಲೋ ಸಾಕು. ಶಹಾಬಾದ್ ಕಲ್ಲು ಆಗುತ್ತಾ ಅಂತ ಉತ್ತರ ಕರ್ನಾಟಕದವರು ಕೇಳುತ್ತಾರೆ. ಸುಣ್ಣದ ಕಲ್ಲೇ, ಕೇಡೇನಿಲ್ಲ. ಆದರೆ ತುಂಬಾ ದಟ್ಟ, ಒಳಗೆ ಪೊಳ್ಳಿಲ್ಲ. ಚಂದಕ್ಕೆ ಇಡಬಹುದು, ಅಷ್ಟೇ.

ಚಿಲ್ಲರ್ ಬೇಕೇ ಬೇಕಾ?

ಚಿಲ್ಲರ್ ಅಂದರೆ ನೀರು ತಣಿಸುವ ಯಂತ್ರ. ನೀರು 24ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ಬೆಂಗಳೂರು, ಮೈಸೂರಿನಲ್ಲಿ ಮೆದು ಹವಳಕ್ಕೆ ಚಿಲ್ಲರ್ ಇಲ್ಲದೆ ನಡೆಯುತ್ತದೆ. ಮಾರ್ಚ್‌ನಿಂದ ಮೇವರೆಗೆ ನೀರಿನ ಮೇಲ್ಮೈಗೆ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ತುಂಬಿಸುತ್ತಾ ಇರಿ. ಲೈಟನ್ನು ಹಗಲಿನ ಬದಲು ಸಂಜೆಯಿಂದ ರಾತ್ರಿಯವರೆಗೆ ಉರಿಸಿ, ಮಧ್ಯಾಹ್ನದ ಸೆಖೆಗೆ ಅದರ ಬಿಸಿ ಸೇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇದೇ ಊರುಗಳಲ್ಲಿ 100 ವಾಟ್ ಹೀಟರ್ ಬೇಕು.

ಕರಾವಳಿಯಲ್ಲಿ ಗಾಳಿಯೇ ಒದ್ದೆ, ನೀರು ಆರುವುದಿಲ್ಲ, ಫ್ಯಾನ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬಿಸಿಲಿಗೆ ಫ್ಯಾನ್ ಒಂದೇ ಸಾಲದು. ಈ ಎರಡೂ ಕಡೆಯವರು ಚಿಲ್ಲರ್ ಅಥವಾ ಎಸಿ ಇರುವ ಕೋಣೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಕರೆಂಟ್ ಬಿಲ್ ಎಷ್ಟು ಬರುತ್ತೆ? ಕರೆಂಟೇ ಹೋದ್ರೆ?

60 ವಾಟ್ ಲೈಟು ದಿನಕ್ಕೆ ಒಂಬತ್ತು ಗಂಟೆ, 8 ವಾಟ್ ವೇವ್‌ಮೇಕರ್, 15 ವಾಟ್ ಪಂಪು ಇಡೀ ದಿನ. ಎಲ್ಲ ಸೇರಿ ತಿಂಗಳಿಗೆ 33 ಯೂನಿಟ್ ಹತ್ತಿರ. ಚಿಲ್ಲರ್ ಬಂದರೆ ಇದು ಎರಡು ಮೂರು ಪಟ್ಟಾಗುತ್ತದೆ.

ಕರೆಂಟ್ ಹೋದಾಗ ಮೊದಲು ಕಮ್ಮಿಯಾಗುವುದು ನೀರಿನಲ್ಲಿರುವ ಆಕ್ಸಿಜನ್. ಮನೆಯ ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನೇ ಕೊಡಿ, ಲೈಟು ಹೀಟರು ಬೇಡ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಕೆಲವು ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ, ಸೈನ್ ವೇವ್ ಒಳ್ಳೆಯದು. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಏನೂ ಇಲ್ಲವೆಂದರೆ ಹತ್ತು ನಿಮಿಷಕ್ಕೊಮ್ಮೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಹುಯ್ಯಿರಿ.

## ಮೀನು, ಹವಳ

ನೀರು ಗಾಜಿನಂಗಿದೆ. ನಾಳೆ ಮೀನು ಬಿಡಲಾ?

ಬೇಡ. ತಿಳಿಯಾಗಿರುವ ನೀರಿನಲ್ಲೂ ಅಮೋನಿಯಾ ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇವೆರಡೂ ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನು ಮಾರ್ಕೆಟ್ಟಿನಿಂದ ಒಂದು ಹಸಿ ಸೀಗಡಿ ತಂದು ತೆಳು ಬಟ್ಟೆಯಲ್ಲಿ ಕಟ್ಟಿ ಹಾಕಿ. ಅದು ಕೊಳೆತು ಅಮೋನಿಯಾ ಏರಿ ಆಮೇಲೆ ಇಳಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಂಡಾಗ ಒಂದು ಮೀನು ಬಿಡಬಹುದು. ಆ ವಾಸನೆಗೆ ಮನೆಯವರ ಬೈಗುಳ ಗ್ಯಾರಂಟಿ, ಅಮೋನಿಯಂ ಕ್ಲೋರೈಡ್ ದ್ರಾವಣ ಬಳಸಿದರೆ ಅದು ತಪ್ಪುತ್ತದೆ.

ಮಗಳಿಗೆ ಸಿನಿಮಾದಲ್ಲಿ ಬರೋ ಕಿತ್ತಳೆ ಮೀನು, ನೀಲಿ ಮೀನು ಎರಡೂ ಬೇಕಂತೆ.

ಕಿತ್ತಳೆ ಬಣ್ಣದ ಕ್ಲೌನ್ ಮೀನು ಈ ಟ್ಯಾಂಕಿಗೆ ಹೇಳಿ ಮಾಡಿಸಿದ್ದು. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದದ್ದನ್ನೇ ಕೇಳಿ ತನ್ನಿ. ಇದರ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ (ಸಿಎಂಎಫ್‌ಆರ್‌ಐ) ರೂಪಿಸಿದೆ. ಎರಡು ಮರಿಗಳನ್ನು ಒಟ್ಟಿಗೆ ಬಿಡಿ. ಇವು ಮೊದಲು ಗಂಡಾಗಿದ್ದು, ಜೋರಿರುವುದು ಹೆಣ್ಣಾಗಿ ಬದಲಾಗುತ್ತದೆ. ಗಂಡು ಹೆಣ್ಣು ಹುಡುಕುವ ಗೋಜಿಲ್ಲ. ಸಮುದ್ರದಲ್ಲಿ ಇವು ಆಸರೆ ಪಡೆಯುವ, ಹೂವಿನಂತೆ ಕಾಣುವ ಅನಿಮೋನ್ ಜೀವಿ ಇಲ್ಲದೆಯೂ ಆರಾಮಾಗಿರುತ್ತವೆ, ಅದಕ್ಕಾಗಿ ದುಡ್ಡು ಕೊಡಬೇಡಿ.

ನೀಲಿ ಟ್ಯಾಂಗ್ ಬೇಡ. ಒಂದು ಅಡಿ ಬೆಳೆಯುವ, ಇಡೀ ದಿನ ಈಜುವ ಮೀನು ಅದು. ಮ್ಯಾಂಡರಿನ್ ಮೀನು ನೋಡಲು ಬಲು ಚಂದ, ಆದರೆ ಕಲ್ಲಿನ ಮೇಲಿನ ಸಣ್ಣ ಜೀವಿಗಳನ್ನು ಬಿಟ್ಟು ಬೇರೇನನ್ನೂ ಸುಲಭವಾಗಿ ಮುಟ್ಟುವುದಿಲ್ಲ, ಚಿಕ್ಕ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ. ಅಗ್ಗ ಅಂತ ಡ್ಯಾಮ್ಸೆಲ್ ಮೀನು ತಂದರೆ ಅದು ಉಳಿದವನ್ನೆಲ್ಲ ಓಡಿಸುತ್ತಿರುತ್ತದೆ.

ಮೊದಲ ಹವಳ ಯಾವುದು ತರಲಿ?

ಮಶ್ರೂಮ್. ಆಮೇಲೆ ಲೆದರ್, ಜೊವಾಂತಿಡ್. ಜೀನಿಯಾವನ್ನು ಒಂಟಿ ಕಲ್ಲಿನ ಮೇಲೆ ದೂರ ಇಡಿ, ಹಬ್ಬಿದರೆ ತೆಗೆಯುವುದು ಕಷ್ಟ.

ಜೊವಾಂತಿಡ್ ವಿಷ ಅಂತ ಕೇಳಿದೆ. ಮನೇಲಿ ಇಡಬಹುದಾ?

ಇಡಬಹುದು, ಎಚ್ಚರ ಬೇಕು. ಇದೇ ಗುಂಪಿನ ಪ್ಯಾಲಿಥೋವಾದಿಂದ 1971ರಲ್ಲಿ ಹವಾಯಿಯಲ್ಲಿ ಬೇರ್ಪಡಿಸಿದ ಪ್ಯಾಲಿಟಾಕ್ಸಿನ್ ತೀರಾ ಪ್ರಬಲ ವಿಷ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಇವು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಸುರಿದು ಉಜ್ಜಬೇಡಿ. ಆ ಹಬೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ.

## ಸ್ವಲ್ಪ ಪಳಗಿದವರಿಗೆ

ಎರಡು ತಿಂಗಳಾಯ್ತು, ಮರಳೆಲ್ಲ ಕಂದು. ಏನು ಹಾಕಲಿ?

ಏನೂ ಹಾಕಬೇಡಿ. ಹೊಸ ಟ್ಯಾಂಕಿನಲ್ಲಿ ಡಯಾಟಮ್ ಅನ್ನುವ ಕಂದು ಪಾಚಿ ಬಂದು ತಾನಾಗಿ ಹೋಗುತ್ತದೆ. ಆಮೇಲೆ ಹಸಿರು ಕೂದಲಿನಂಥ ಪಾಚಿ ಬಂದರೆ ಊಟ ಕಮ್ಮಿ ಮಾಡಿ, ಕೈಯಿಂದ ಕೀಳಿ, ನಾಲ್ಕೈದು ಬಸವನಹುಳು ಬಿಡಿ, ಟಿಡಿಎಸ್ ನೋಡಿ. ಹೆಚ್ಚಿನ ಸಲ ರೆಸಿನ್ ಸವೆದಿರುತ್ತದೆ.

ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಆದ್ರೂ ಹವಳ ಬಾಡ್ತಿದೆಯಲ್ಲ?

ಸೊನ್ನೆಯೇ ತೊಂದರೆ. ಹವಳಕ್ಕೂ ಒಂದಿಷ್ಟು ಪೋಷಣೆ ಬೇಕು. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇರಲಿ. ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಲೋಳೆಯಂತೆ ಗುಳ್ಳೆ ಕಟ್ಟುವ ಡೈನೋಫ್ಲಾಜೆಲೇಟ್ ಅನ್ನುವ ಒಂದೇ ಕೋಶದ ಜೀವಿ ಹಬ್ಬುವುದು ಹೆಚ್ಚು. ಅದರ ಕಾಟ ಪಾಚಿಗಿಂತ ಕೆಟ್ಟದ್ದು. ಮೀನಿಗೆ ಸ್ವಲ್ಪ ಜಾಸ್ತಿ ತಿನ್ನಿಸಿ, ಫಾಸ್ಫೇಟ್ ಹೀರುವ ಪುಡಿ ಹಾಕಿದ್ದರೆ ತೆಗೆಯಿರಿ.

ಮೀನಿನ ಮೈಮೇಲೆ ರವೆ ಚೆಲ್ಲಿದಂಗೆ ಬಿಳಿ ಚುಕ್ಕೆ. ಔಷಧಿ ಹಾಕಿಬಿಡಲಾ?

ಹವಳದ ಟ್ಯಾಂಕಿಗೆ ಹಾಕಬೇಡಿ. ಇದು ಕ್ರಿಪ್ಟೋಕ್ಯಾರಿಯಾನ್ ಅನ್ನುವ ಪರಾವಲಂಬಿ, ಇದರ ಮುಖ್ಯ ಔಷಧಿಯೇ ತಾಮ್ರ. ಮೀನುಗಳನ್ನೆಲ್ಲ ಬೇರೆ ಡಬ್ಬಿಗೆ ತೆಗೆದು ಅಲ್ಲಿ ಚಿಕಿತ್ಸೆ ಕೊಡಿ. ದೊಡ್ಡ ಟ್ಯಾಂಕನ್ನು ಮೀನಿಲ್ಲದೆ ಸುಮಾರು ಎರಡೂವರೆ ತಿಂಗಳು ಬಿಡಿ. ಹತ್ತಲು ಮೀನಿಲ್ಲದೆ ಪರಾವಲಂಬಿ ಸಾಯುತ್ತದೆ. ಇಷ್ಟೆಲ್ಲ ರಗಳೆ ಬೇಡವೆಂದರೆ ಹೊಸ ಮೀನನ್ನು ಮೊದಲೇ ಒಂದು ತಿಂಗಳು ಬೇರೆ ಇಟ್ಟು ನೋಡಿ. ಮುಚ್ಚಳವಿರುವ 40 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಏರ್ ಪಂಪ್, ಸ್ಪಂಜ್ ಫಿಲ್ಟರ್ ಅಷ್ಟೇ ಬೇಕಾದದ್ದು.

ಅಲ್ಕಲಿನಿಟಿ ಇಳೀತಾ ಇದೆ. ಎಲೆಅಡಿಕೆ ಸುಣ್ಣ ಹಾಕ್ಬಹುದಾ?

ಅಲ್ಕಲಿನಿಟಿ ಅಂದರೆ ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ. ಕೇಳಿದವರು ತಮಾಷೆಗೆ ಕೇಳಿದ್ದಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಪ್ರಶ್ನೆ ಸರಿಯಾಗಿಯೇ ಇದೆ. ಟ್ಯಾಂಕಿಗೆ ಹಾಕುವ ಕಾಲ್ಕ್‌ವಾಸರ್ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಸುಣ್ಣವೂ ಅದೇ. ಆದರೆ ಎಲೆಅಡಿಕೆ ಸುಣ್ಣದಲ್ಲಿ ಬೇರೇನೇನು ಸೇರಿದೆಯೋ ಹೇಳಲಾಗದು. ಲ್ಯಾಬ್ ದರ್ಜೆಯದು ತನ್ನಿ. ಲೀಟರ್ ಶುದ್ಧ ನೀರಿಗೆ ಒಂದೂವರೆ ಗ್ರಾಂ ಕದಡಿ, ತಿಳಿ ಕೂತಮೇಲೆ ಮೇಲಿನ ನೀರನ್ನು ಮಾತ್ರ ರಾತ್ರಿ ಹನಿಹನಿಯಾಗಿ ಬಿಡಿ. ಅದರ ಪಿಎಚ್ 12ರ ಮೇಲಿರುತ್ತದೆ, ಒಮ್ಮೆಲೇ ಸುರಿದರೆ ಟ್ಯಾಂಕ್ ಮುಗಿದಂತೆ.

ಮೆದು ಹವಳದ ಟ್ಯಾಂಕಿಗೆ ಇಷ್ಟೂ ಬೇಕಾಗುವುದು ಅಪರೂಪ. ವಾರದ ನೀರು ಬದಲಾವಣೆಯಲ್ಲೇ ಅಲ್ಕಲಿನಿಟಿ 7ರಿಂದ 9 ಡಿಕೆಎಚ್‌ನಲ್ಲಿ (ಇದನ್ನು ಅಳೆಯುವ ಮಾನ) ನಿಲ್ಲುತ್ತದೆ. ಅಪ್ಪಿತಪ್ಪಿ ಇಳಿದರೆ ಅಡುಗೆ ಸೋಡ ಸಾಕು. 100 ಲೀಟರ್‌ಗೆ 3 ಗ್ರಾಂ ಹಾಕಿದರೆ ಸುಮಾರು 1 ಡಿಕೆಎಚ್ ಏರುತ್ತದೆ. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬೇಡಿ.

ಬಾಡಿಗೆ ಮನೆ ಬದಲಾಯಿಸಬೇಕು. ಟ್ಯಾಂಕ್ ಹೇಗೆ ಸಾಗಿಸೋದು?

ಹಿಂದಿನ ದಿನವೇ ಹೊಸ ಮನೆಯಲ್ಲಿ 40 ಲೀಟರ್ ಉಪ್ಪುನೀರು ಮಾಡಿಡಿ. ಹಳೆಯ ನೀರನ್ನು ಆದಷ್ಟು ಕ್ಯಾನ್‌ಗಳಲ್ಲಿ ತುಂಬಿಕೊಳ್ಳಿ. ಮೀನು ಒಂದು ಬಕೆಟ್, ಹವಳ ಒಂದು ಬಕೆಟ್, ಕಲ್ಲು ಮುಳುಗುವಂತೆ ಇನ್ನೊಂದು. ಮೀನಿನ ಬಕೆಟ್‌ಗೆ ಬ್ಯಾಟರಿ ಏರ್ ಪಂಪ್ ಹಾಕಿ. ಗಾಜಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಯೇ ಎತ್ತಿ. ಹಳೆಯ ಮರಳನ್ನು ಹಾಗೇ ಹಾಕಬೇಡಿ, ಕದಡಿದಾಗ ತಳದಲ್ಲಿ ಸೇರಿದ್ದ ಕೊಳಕೆಲ್ಲ ನೀರಿಗೆ ಬರುತ್ತದೆ. ತಿಳಿನೀರು ಬರುವವರೆಗೆ ತೊಳೆಯಿರಿ, ಇಲ್ಲವೇ ಹೊಸದು ಹಾಕಿ. ಆಮೇಲೆ ಒಂದು ವಾರ ದಿನಾ ಅಮೋನಿಯಾ ನೋಡುತ್ತಿರಿ.